ಲೆಕ್ಕ ತಾಳೆಯಾದ ಮನೆ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಬೆಂಗಳೂರಿನ ಕಥೆ. ಆದರೂ ಡೊಂಬಿವಲಿಯ ಒಂದೇ ಕೋಣೆಯಲ್ಲಿ ಬೆಳೆದ ನನಗೆ ಅದರ ಹಳೆಯ ಮನೆ ಗುರುತಿನದೇ. ಅಪ್ಪ ಸೇಲ್ಸ್‌ಮನ್, ಅವರ ಲೆಕ್ಕ ತಾಳೆಯಾಗದಿದ್ದರೆ ಇಡೀ ಮನೆಗೇ ಆತಂಕ. ಏನು ಕೊಳ್ಳುವುದಿದ್ದರೂ ಎಲ್ಲರ ಒಪ್ಪಿಗೆ ಬೇಕು.

ಚಿಕ್ಕಪ್ಪನ ಸೋನಾ ಮಸಾಲೆಯ ದುಡ್ಡು ಈ ಮನೆಯನ್ನು ಕೆಡಿಸಿತು ಎಂಬುದು ಸಾಮಾನ್ಯ ಓದು. ನನಗೆ ಅದು ಅರ್ಧ ಮಾತು ಅನಿಸುತ್ತದೆ. ಮಗ ಅಪ್ಪನಿಂದ ಕೈ ಬಿಗಿ ಹಿಡಿಯುವುದನ್ನು ಕಲಿತ, ತನ್ನ ಕಾಲ ಮೇಲೆ ನಿಲ್ಲುವುದನ್ನು ಕಲಿಯಲಿಲ್ಲ. ಕಂಪನಿಯಲ್ಲಿ ಹೆಸರಿಗೊಂದು ಹುದ್ದೆ, ಹೊತ್ತು ಕಳೆಯಲು ಕಾಫಿ ಹೌಸ್. ದುಡ್ಡು ಬಂದೊಡನೆ ಮಿತವ್ಯಯ ಹೋಯಿತು, ಒಗ್ಗಟ್ಟು ಉಳಿಯಿತು. ಹೊರಗಿನಿಂದ ಬಂದವರಿಗೆ ಆ ಒಗ್ಗಟ್ಟೇ ಕ್ರೂರವಾಯಿತು. ನೀನು ಸ್ವಂತ ದುಡಿದದ್ದೆಷ್ಟು ಎಂದು ಚುಚ್ಚುವವಳು ಹೆಂಡತಿ ಅನಿತಾ. ಕಾದಂಬರಿ ನಿಂತಿರುವುದು ಆ ಚುಚ್ಚಿನ ಮೇಲೆ. ಹೊಸ ಸಂಪತ್ತಿಗೆ ಒಗ್ಗದ ಅಪ್ಪನನ್ನು ಮಗನ ಕಣ್ಣಿನಿಂದಷ್ಟೇ ನೋಡಬೇಕಾದ್ದು ನನಗೆ ಕಂಡ ಕೊರತೆ.

ಹೋಟೆಲಿನಲ್ಲಿ ದುಡಿದ ನನ್ನಪ್ಪನೂ ಚಿಲ್ಲರೆ ಎಣಿಸುವುದನ್ನು ಕಲಿಸಿದರು. ಹದಿನೆಂಟು ತುಂಬಿದ ತಿಂಗಳು ನನ್ನ ಲೋಕಲ್ ಟ್ರೈನಿನ ಪಾಸಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿಬಿಟ್ಟರು. ಬಹಳ ವರ್ಷ ಆ ಸಿಟ್ಟು ಇತ್ತು. ಈ ಪುಸ್ತಕ ಓದಿದ ಮೇಲೆ ಅವರು ಮಾಡಿದ್ದು ಏನೆಂದು ಗೊತ್ತಾಯಿತು.