ಟ್ಯೂನಾ: ಯಾವ ಟ್ಯೂನಾ?

ನಮ್ಮ ವಿಜ್ಞಾನ ಬರಹಗಳಲ್ಲಿ ‘ಟ್ಯೂನಾ ಎಂಬ ಮೀನು’ ಎಂದು ಬರೆದು ಮುಂದೆ ಸಾಗುವ ರೂಢಿ ಇದೆ. ಸ್ವಲ್ಪ ಹೆಚ್ಚು ಕಾಳಜಿಯುಳ್ಳವರು ಪಕ್ಕದಲ್ಲಿ ‘ಕೇದರ’ ಎಂದು ಸೇರಿಸುತ್ತಾರೆ. ಎರಡೂ ಸಾಲದು. ಬಂಡೀಪುರದ ಕಾಡಿನ ಅಂಚಿನ ಹಂಗಳದಲ್ಲಿ ಕುಳಿತು ಇದನ್ನು ಓದುವ ವಿದ್ಯಾರ್ಥಿಗೆ ಬಂದರಿಗೆ ಹೋಗಿ ಮೀನು ನೋಡುವ ಅವಕಾಶವಿಲ್ಲ. ಹೆಸರೇ ಅವನಿಗಿರುವ ಆಧಾರ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ರಸ್ತೆ ಹಿಡಿದರೆ ಅದು ‘ಚೂರ’, ತಮಿಳಿನಲ್ಲಿ ‘ಸೂರೈ’, ಮಹಾರಾಷ್ಟ್ರದ ಕರಾವಳಿಯಲ್ಲಿ ‘ಕುಪ್ಪಾ’. ಇವೆಲ್ಲ ಒಂದು ಗುಂಪಿನ ಹೆಸರುಗಳೇ ಹೊರತು ಒಂದು ಪ್ರಭೇದದ ಹೆಸರುಗಳಲ್ಲ.

ಬಂಗುಡೆಯೂ ಸೇರಿರುವ ಸ್ಕಾಂಬ್ರಿಡೇ ಕುಟುಂಬದಲ್ಲಿ ಟ್ಯೂನಾಗಳದು 5 ಕುಲಗಳ, 15 ಪ್ರಭೇದಗಳ ಒಂದು ಗುಂಪು. ‘ನಿಜವಾದ ಟ್ಯೂನಾ’ ಎನ್ನಿಸಿಕೊಳ್ಳುವ ತುನ್ನಸ್ ಕುಲದಲ್ಲಿರುವುದು 8 ಮಾತ್ರ. ವಿಚಿತ್ರವೆಂದರೆ, ನಮ್ಮ ಕರಾವಳಿಯ ಬಲೆಗಳಿಗೆ ಹೆಚ್ಚಾಗಿ ಬೀಳುವ ಟ್ಯೂನಾ ಆ ಎಂಟರಲ್ಲಿ ಇಲ್ಲ! ಅದು ಯೂಥಿನ್ನಸ್ ಅಫಿನಿಸ್. ಬೆನ್ನಿನ ಹಿಂಭಾಗದಲ್ಲಿ ಅಲೆಯಂಥ ಓರೆಗೆರೆಗಳು, ಎದೆಯ ರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕೆಗಳು. ಹೊಟ್ಟೆಯ ಮೇಲೆ ಉದ್ದುದ್ದಕ್ಕೆ ನಾಲ್ಕಾರು ಗೆರೆಗಳಿದ್ದರೆ ಅದು ಸ್ಕಿಪ್‌ಜಾಕ್, ಅಂದರೆ ಕಟ್ಸುವೋನಸ್ ಪೆಲಾಮಿಸ್. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಗಾಳ ಹಾಕಿ ಹಿಡಿದು, ಬೇಯಿಸಿ, ಹೊಗೆಯಲ್ಲಿಟ್ಟು ಒಣಗಿಸುವುದು ಇದನ್ನೇ. ಬೆನ್ನಿನ ಎರಡು ರೆಕ್ಕೆಗಳ ನಡುವೆ ದೊಡ್ಡ ಅಂತರವಿದ್ದರೆ ಆಕ್ಸಿಸ್. ಬಣ್ಣಗಳಿಲ್ಲದ ರೇಖಾಚಿತ್ರದಲ್ಲೂ ತೋರಿಸಬಹುದಾದ ಲಕ್ಷಣಗಳಿವು. ಆದರೂ ಎಲ್ಲಕ್ಕೂ ಒಂದೇ ಚಿತ್ರ ಹಾಕುವವರನ್ನು ಏನೆನ್ನಬೇಕು?

ಗೊಂದಲ ನಮ್ಮದು ಮಾತ್ರವಲ್ಲ. ಕೊಲೆಟ್ ಮತ್ತು ನಾವೆನ್ 1983ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ರಚಿಸಿದ ಸ್ಕಾಂಬ್ರಿಡ್ ಮೀನುಗಳ ಕೋಶ ಇಂದಿಗೂ ಉಪಯುಕ್ತ ಗ್ರಂಥ. ಪ್ರತಿ ಪ್ರಭೇದಕ್ಕೂ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಹೆಸರುಗಳನ್ನು ಅದು ನಿಗದಿಪಡಿಸುತ್ತದೆ. ಅಲ್ಲೇ ತೊಡಕೂ ಇದೆ. ಇಂಗ್ಲಿಷರ ‘ಆಲ್ಬಕೋರ್’ ಎಂದರೆ ಉದ್ದನೆಯ ಎದೆರೆಕ್ಕೆಯ ತುನ್ನಸ್ ಆಲಲುಂಗ. ಫ್ರೆಂಚರ ‘ಆಲ್ಬಕೋರ್’ ಎಂದರೆ ಹಳದಿ ರೆಕ್ಕೆಯ ತುನ್ನಸ್ ಆಲ್ಬಕೇರಸ್. ಫ್ರೆಂಚ್ ವರದಿಯಿಂದ ಅಂಕಿ ಎತ್ತಿಕೊಂಡವರು ಮೀನನ್ನೇ ಬದಲಾಯಿಸಿಬಿಡಬಹುದು. ‘ಬೊನಿಟೊ’ದ ಕಥೆಯೂ ಹೀಗೆಯೇ: ಸರಿಯಾಗಿ ನೋಡಿದರೆ ಅದು ಸಾರ್ಡ ಕುಲದ ಮೀನು, ಜಪಾನಿನ ಅಡುಗೆಯ ಅನುವಾದಗಳಲ್ಲಿ ಸ್ಕಿಪ್‌ಜಾಕ್. ಇನ್ನು ಸ್ಪ್ಯಾನಿಷ್‌ನಲ್ಲಿ ‘ಟೂನ’ ಎಂದರೆ ಮೀನೇ ಅಲ್ಲ, ಪಾಪಾಸುಕಳ್ಳಿಯ ಹಣ್ಣು. ಕಡಲು ಕಾಣದ ನಮ್ಮ ಒಣಸೀಮೆಯ ಮಕ್ಕಳಿಗೆ ಆ ಟೂನ ಚೆನ್ನಾಗಿ ಗೊತ್ತು.

ಹೆಸರಿನ ವಿಚಾರಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿದ್ದಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಗರ್ಭಿಣಿಯರಿಗೆ ನೀಡುವ ಸಲಹೆಯನ್ನು ನೋಡಿ. ಬಹುಪಾಲು ಸ್ಕಿಪ್‌ಜಾಕ್ ಇರುವ ಡಬ್ಬಿಯ ಟ್ಯೂನಾ ಅದರಲ್ಲಿ ಉತ್ತಮ ಆಯ್ಕೆ, ಆಲ್ಬಕೋರ್ ಮಿತವಾಗಿ, ದೊಡ್ಡ ಕಣ್ಣಿನ ತುನ್ನಸ್ ಒಬೆಸಸ್ ಬೇಡವೇ ಬೇಡ. ಕಾರಣ ಪಾದರಸ. ದೊಡ್ಡದಾಗಿ ಬೆಳೆದು ಹೆಚ್ಚು ಕಾಲ ಬದುಕುವ ಬೇಟೆಗಾರ ಮೀನಿನಲ್ಲಿ ಅದು ಹೆಚ್ಚು ಸಂಗ್ರಹವಾಗುತ್ತದೆ. ‘ಟ್ಯೂನಾ ಒಳ್ಳೆಯದು’ ಅಥವಾ ‘ಟ್ಯೂನಾ ಅಪಾಯಕಾರಿ’ ಎಂಬ ವಾಕ್ಯಗಳೆರಡೂ ಇಲ್ಲಿ ನಿರರ್ಥಕ. ಸಂರಕ್ಷಣೆಯ ಮಾತೂ ಅಷ್ಟೇ. 2015ರಿಂದ ಹಲವು ವರ್ಷ ಹಿಂದೂ ಮಹಾಸಾಗರ ಟ್ಯೂನಾ ಆಯೋಗ ಅತಿಯಾದ ಹಿಡಿತದ ಎಚ್ಚರಿಕೆ ಕೊಟ್ಟಿದ್ದು ಹಳದಿ ರೆಕ್ಕೆಯದರ ಬಗ್ಗೆ. ಸ್ಕಿಪ್‌ಜಾಕ್ ಬಗ್ಗೆ ಅಲ್ಲ. ಅಟ್ಲಾಂಟಿಕ್ ಮತ್ತು ಪೆಸಿಫಿಕ್‌ನ ನೀಲಿ ರೆಕ್ಕೆಯ ಟ್ಯೂನಾಗಳನ್ನು ಬೇರೆ ಬೇರೆ ಪ್ರಭೇದಗಳೆಂದು ಕೊಲೆಟ್ ಪ್ರತ್ಯೇಕಿಸಿದ್ದು 1999ರಲ್ಲಿ. ಅದಕ್ಕೂ ಹಿಂದಿನ ಪುಸ್ತಕ ನೋಡಿ ಬರೆಯುವವರು ಇದನ್ನು ಗಮನಿಸಬೇಕು.

ನಮ್ಮ ಹೆಸರುಪಟ್ಟಿಗಳ ಬಗ್ಗೆ ಇನ್ನೊಂದು ತಕರಾರಿದೆ. ಸ್ಥಳೀಯ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಹ್ರಸ್ವ, ದೀರ್ಘ ಎರಡೂ ಕಳೆದುಹೋಗುತ್ತವೆ. ಮತ್ತೆ ಕನ್ನಡಕ್ಕೆ ತರುವಾಗ ಒಬ್ಬರು ‘ಕೇದಾರ’ ಎನ್ನುತ್ತಾರೆ, ಇನ್ನೊಬ್ಬರು ‘ಕೆದರ್’, ಮತ್ತೊಬ್ಬರು ‘ಗೇದರ್’. ಪಟ್ಟಿಯಿಂದ ಪಟ್ಟಿಗೆ ನಕಲು ಮಾಡುವ ಬದಲು ಮಂಗಳೂರು, ಮಲ್ಪೆ, ಕಾರವಾರದ ದಕ್ಕೆಗಳಲ್ಲಿ ಮೀನನ್ನು ಮುಂದಿಟ್ಟುಕೊಂಡು, ಕಿವಿಗೆ ಬಿದ್ದ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದು, ಪಕ್ಕದಲ್ಲಿ ವೈಜ್ಞಾನಿಕ ನಾಮ ಸೇರಿಸಬೇಕು. ಕರಾವಳಿಯ ಪದವಿ ಕಾಲೇಜುಗಳ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು ಒಂದು ಮೀನುಗಾರಿಕೆ ಹಂಗಾಮಿನಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು.