ಮಣೆಯ ಆಚೆಯ ಮನುಷ್ಯ

ಆಟವಾಡಿ ಕೆಟ್ಟವರ ಕತೆಗೆ ನಮ್ಮ ಸಾಹಿತ್ಯದಲ್ಲಿ ಬರವಿಲ್ಲ. ಧರ್ಮರಾಯ ಪಗಡೆಯಾಡಿ ರಾಜ್ಯ ಕಳೆದುಕೊಂಡ. ನಳ ಮಹಾರಾಜನೂ ಅದೇ ದಾರಿ ಹಿಡಿದ. ಇಂಥ ಕಾವ್ಯಗಳನ್ನು ಕೇಳಿ ಬೆಳೆದ ಮನೆಗಳಲ್ಲಿ ಮಕ್ಕಳು ಮಣೆ ಹಾಸಿದರೆ ಹಿರಿಯರು ಹುಬ್ಬು ಗಂಟಿಕ್ಕುತ್ತಿದ್ದುದು ಸಹಜವೇ. ಆದರೆ ಆ ಕತೆಗಳಲ್ಲಿ ಎದುರುಬದುರಾಗಿ ಕುಳಿತವರು ಸ್ನೇಹಿತರಲ್ಲ, ದಾಯಾದಿಗಳು. ಅಲ್ಲಿ ಗೆಲ್ಲಿಸಿದ್ದು ದಾಳ, ಬುದ್ಧಿಯಲ್ಲ. ಸ್ನೇಹಿತರಿಬ್ಬರು ಪಣವಿಲ್ಲದೆ, ದಾಳದ ಹಂಗಿಲ್ಲದೆ ಆಡುವ ಚದುರಂಗದಂಥ ಆಟದ ಮಾತು ಬೇರೆ. ಅದನ್ನು ಕುರಿತು ಬರೆದ ದೊಡ್ಡ ಕತೆಗಾರರು ಅಲ್ಲಿ ಏನನ್ನು ಕಂಡರು? ಮಣೆ ಹೋಗಿ ಫೋನಿನ ಗಾಜು ಬಂದಿರುವ ಈ ಕಾಲಕ್ಕೆ ಅವರ ಮಾತು ಎಷ್ಟು ಸಲ್ಲುತ್ತದೆ?

ಈ ಪ್ರಶ್ನೆ ನನಗೆ ಹುಟ್ಟಿದ್ದು ಪುಸ್ತಕದ ಬೀರುವಿನ ಮುಂದಲ್ಲ. ಮೂವತ್ತು ವರ್ಷ ಬಸವನಗುಡಿಯ ನಮ್ಮ ಮನೆಯ ವರಾಂಡದಲ್ಲಿ ಭಾನುವಾರ ಸಂಜೆ ನನ್ನೊಡನೆ ಚದುರಂಗವಾಡಿದ ಗೆಳೆಯರೊಬ್ಬರು ನಿವೃತ್ತರಾದ ಮೇಲೆ ಅಮೆರಿಕದಲ್ಲಿರುವ ಮಗನ ಮನೆಗೆ ಹೋದರು. 2020ರಲ್ಲಿ ಲೋಕವೇ ಬಾಗಿಲು ಹಾಕಿಕೊಂಡು ಕುಳಿತಾಗ, ಅಲ್ಲಿ ಅವರ ಮಗ, ಇಲ್ಲಿ ನನ್ನ ಮಗಳು, ಇಬ್ಬರ ಫೋನಿಗೂ ಆಟವನ್ನು ಹಾಕಿಕೊಟ್ಟರು. ಮೊದಮೊದಲು ಹಬ್ಬದ ಸಡಗರ. ಕೆಲವು ತಿಂಗಳು ಕಳೆದ ಮೇಲೆ ಗೆಳೆಯರು ಇದ್ದಕ್ಕಿದ್ದಂತೆ ಚೆನ್ನಾಗಿ ಆಡತೊಡಗಿದರು. ಸಿಕ್ಕ ಕಾಯಿಯನ್ನೆಲ್ಲ ಹೊಡೆದು ಮುನ್ನುಗ್ಗುವ ಮನುಷ್ಯ, ಕುದುರೆಯನ್ನು ಹಿಂದಕ್ಕೆ ತಂದು ತಾಳ್ಮೆಯಿಂದ ಕಾಯತೊಡಗಿದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: “ರಾಯರೇ, ಯಂತ್ರದ ಸಹಾಯ ತಗೊಳ್ತಾ ಇಲ್ಲ ತಾನೆ?” ಅವರು ಉತ್ತರ ಕೊಡದೆ ಫೋನು ಇಟ್ಟರು. ಎರಡು ತಿಂಗಳು ನಮ್ಮ ನಡುವೆ ನಡೆಯೂ ಇಲ್ಲ, ಮಾತೂ ಇಲ್ಲ. ಆ ಬಿಡುವಿನಲ್ಲಿ ನಾನು ಹಳೆಯ ಮೂರು ಕೃತಿಗಳನ್ನು ಮತ್ತೆ ತೆರೆದೆ.

ಮೊದಲನೆಯದು ಪ್ರೇಮಚಂದರ ‘ಶತರಂಜ್ ಕೇ ಖಿಲಾಡಿ’. 1924ರ ಈ ಕತೆ ವಾಜಿದ್ ಅಲಿ ಷಾನ ಲಖನೌದ್ದು. ಮಿರ್ಜಾ ಸಜ್ಜಾದ್ ಅಲಿ, ಮೀರ್ ರೋಷನ್ ಅಲಿ ಎಂಬ ಇಬ್ಬರು ಜಹಗೀರುದಾರರಿಗೆ ಚದುರಂಗವೊಂದೇ ಲೋಕ. ತಲೆನೋವಿನಿಂದ ನರಳುವ ಮಿರ್ಜಾನ ಹೆಂಡತಿ ಸಿಟ್ಟಾಗಿ ಕಾಯಿಗಳನ್ನು ಎಸೆಯುತ್ತಾಳೆ. ಆಟ ಮೀರನ ಮನೆಗೆ ಹೋಗುತ್ತದೆ. ಅಲ್ಲಿಂದಲೂ ಕಿತ್ತು ಗೋಮತಿಯ ಆಚೆ ದಡದ ಪಾಳು ಮಸೀದಿ ಸೇರುತ್ತದೆ. ಕಣ್ಣೆದುರಿಗೇ ಕಂಪನಿಯ ಸೈನ್ಯ ಹಾದುಹೋಗಿ ನವಾಬನನ್ನು ಸೆರೆಹಿಡಿದು ತಂದರೂ ಇವರ ಆಟ ನಿಲ್ಲುವುದಿಲ್ಲ. ಕೊನೆಗೆ ನಡೆ ಬದಲಿಸಿದ ತಕರಾರಿನಲ್ಲಿ ಕತ್ತಿ ಹಿರಿದು ಇಬ್ಬರೂ ಸಾಯುತ್ತಾರೆ.

ಈ ಕತೆಯನ್ನು ನಾವು ಬಹುಮಟ್ಟಿಗೆ ಒಂದು ಸಮಾಜದ ಅವನತಿಯ ಚಿತ್ರವೆಂದು ಓದಿದ್ದೇವೆ. ಆ ಓದು ತಪ್ಪಲ್ಲ. ಆದರೆ ಅದಷ್ಟೇ ಸಾಲದು. ಕೊನೆಯ ಜಗಳ ನಡೆಯುವ ಬಗೆಯನ್ನು ಗಮನಿಸಬೇಕು. ಅದು ಕಾಯಿಯಿಂದ ಹೊರಟು ನಾಲ್ಕಾರು ಮಾತಿನಲ್ಲಿ ವಂಶದ ಹಿರಿಮೆಗೆ ಹೋಗುತ್ತದೆ. ನಿನ್ನ ಅಜ್ಜ ಏನು ಮಾಡುತ್ತಿದ್ದ, ನನ್ನ ಅಜ್ಜ ಏನಾಗಿದ್ದ ಎಂಬಲ್ಲಿಗೆ ಮುಟ್ಟುತ್ತದೆ. ವರ್ಷಗಟ್ಟಲೆ ಜೊತೆಗೆ ಕೂತವರ ಒಳಗೆ ಇಷ್ಟು ತಾತ್ಸಾರ ಇತ್ತೆ ಎಂದು ಬೆರಗಾಗುತ್ತದೆ. ಮತ್ತೆ ಹಿಂದಕ್ಕೆ ತಿರುಗಿ ಓದಿದರೆ ಕಾಣುವುದು ಇದು: ಅವರು ಆಟದ ಹೊರಗೆ ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಇಬ್ಬರ ನಡುವೆ ಮಣೆಯಿತ್ತು. ಮಣೆಯನ್ನು ತೆಗೆದರೆ ಉಳಿಯುವಂಥದು ಏನೂ ಇರಲಿಲ್ಲ. ಕತೆಯ ದುರಂತ ಆಟದ ಅತಿರೇಕದಲ್ಲಿ ಇರುವಷ್ಟೇ ಸ್ನೇಹದ ಬಡತನದಲ್ಲಿಯೂ ಇದೆ.

ಸತ್ಯಜಿತ್ ರಾಯ್ 1977ರಲ್ಲಿ ಇದನ್ನು ಚಿತ್ರವಾಗಿಸುವಾಗ ಕೊನೆಯನ್ನು ಬದಲಿಸಿದರು. ಅಲ್ಲಿ ಪಿಸ್ತೂಲಿನ ಗುಂಡು ಹಾರಿದರೂ ಯಾರೂ ಸಾಯುವುದಿಲ್ಲ. ನಾಚಿಕೊಂಡ ಇಬ್ಬರೂ ಮತ್ತೆ ಆಟಕ್ಕೆ ಕೂರುತ್ತಾರೆ, ಈ ಸಲ ಮಂತ್ರಿಯ ಬದಲು ರಾಣಿಯನ್ನಿಟ್ಟು ಆಡುವ ಇಂಗ್ಲಿಷರ ಪದ್ಧತಿಯಲ್ಲಿ. ಮೂಲಕ್ಕೆ ಅಪಚಾರವಾಯಿತೆಂದು ಆಕ್ಷೇಪಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಪ್ರೇಮಚಂದರ ಕೊನೆಯಲ್ಲಿ ತೀರ್ಪಿದೆ. ರಾಯ್ ಅವರ ಕೊನೆಯಲ್ಲಿ ಕನಿಕರವಿದೆ. ಬೇರೆ ಯಾರೂ ಇಲ್ಲದ ಇಬ್ಬರು ಮತ್ತೆ ಎದುರುಬದುರು ಕೂರುವುದೂ ಒಂದು ಬಗೆಯ ಬದುಕೇ.

ಆಟವೇ ಅವನತಿಯ ಗುರುತು ಎನ್ನುವವರು ನಮ್ಮ ಮೈಸೂರಿನ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡದ್ದು 1831ರಲ್ಲಿ. ಔಧ್ ಹೋದದ್ದು 1856ರಲ್ಲಿ. ಅಧಿಕಾರವಿಲ್ಲದ ಅರಮನೆಯಲ್ಲಿ ಮುಮ್ಮಡಿಯವರು 1868ರಲ್ಲಿ ತೀರಿಕೊಳ್ಳುವವರೆಗೂ ಬಾಳಿದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೂ ಸ್ಥಾನವಿದೆ. ಅದೇ ದೊರೆ ಕಳೆದ ರಾಜ್ಯವನ್ನು ವಂಶಕ್ಕೆ ಉಳಿಸಿಕೊಳ್ಳಲು ದಶಕಗಟ್ಟಲೆ ಮನವಿಗಳನ್ನು ಸಲ್ಲಿಸುತ್ತಲೂ ಇದ್ದರು. ಮಣೆಯ ಮೇಲಿನ ರಾಜನನ್ನು ಪ್ರೀತಿಸಿದವರು ಹೊರಗಿನ ರಾಜ್ಯವನ್ನು ಮರೆಯಲೇಬೇಕೆಂದಿಲ್ಲ. ದೋಷ ಮಣೆಯದಲ್ಲ ಎಂಬುದಕ್ಕೆ ಇಷ್ಟು ಸಾಕು.

ಎರಡನೆಯ ಕೃತಿ ಜಪಾನಿನ ಕವಾಬತ ಯಸುನಾರಿ ಅವರ ‘ಮೈಜಿನ್’. ಇಂಗ್ಲಿಷ್ ಅನುವಾದದಲ್ಲಿ ‘ದಿ ಮಾಸ್ಟರ್ ಆಫ್ ಗೋ’. ಹತ್ತೊಂಬತ್ತು ಅಡ್ಡಗೆರೆ, ಹತ್ತೊಂಬತ್ತು ಉದ್ದಗೆರೆಗಳ ಮಣೆಯ ಮೇಲೆ ಕಪ್ಪು, ಬಿಳಿ ಹರಳುಗಳನ್ನಿಟ್ಟು ಜಾಗ ಹಿಡಿಯುವ ಆಟ ಗೋ. 1938ರ ಜೂನಿನಿಂದ ಡಿಸೆಂಬರಿನವರೆಗೆ, ನಡುವೆ ಮೂರು ತಿಂಗಳ ಕಾಯಿಲೆಯ ಬಿಡುವಿನೊಡನೆ, ವೃದ್ಧ ಗುರು ಹೊನಿನ್ಬೊ ಶೂಸಾಯ್ ತರುಣ ಕಿತಾನಿ ಮಿನೋರು ಅವರೊಡನೆ ಆಡಿ ಐದು ಅಂಕಗಳಿಂದ ಸೋತರು. 1940ರ ಜನವರಿಯಲ್ಲಿ ತೀರಿಕೊಂಡರು. ಪತ್ರಿಕೆಗೆ ಅದನ್ನು ವರದಿ ಮಾಡಿದ ಕವಾಬತ ಮುಂದೆ ಅದರಿಂದಲೇ ಈ ಕಾದಂಬರಿಯನ್ನು ಕಟ್ಟಿದರು.

ಇಲ್ಲಿ ಮನಸ್ಸನ್ನು ಹಿಡಿಯುವುದು ಲಕೋಟೆಯ ನಡೆ. ದಿನದ ಆಟ ನಿಲ್ಲಿಸುವಾಗ ಕೊನೆಯ ನಡೆಯನ್ನು ಮಣೆಯ ಮೇಲೆ ಇಡದೆ ಕಾಗದದಲ್ಲಿ ಬರೆದು ಮುಚ್ಚಿಡಬೇಕು; ಎದುರಾಳಿ ಅದನ್ನು ನೋಡಿ ರಾತ್ರಿಯೆಲ್ಲ ಯೋಚಿಸುವಂತಾಗಬಾರದು. ನ್ಯಾಯವಾದ ನಿಯಮವೇ. ಆದರೆ ತರುಣ ಒಂದು ಸಲ ಲಕೋಟೆಯಲ್ಲಿಟ್ಟ ನಡೆಯನ್ನು ಕಂಡು ಗುರುವಿಗೆ ತಡೆಯಲಾರದ ಸಿಟ್ಟು ಬರುತ್ತದೆ. ಇಬ್ಬರೂ ಸೇರಿ ಬರೆಯುತ್ತಿದ್ದ ಚಿತ್ರಕ್ಕೆ ಮಸಿ ಬಳಿದಂತೆ ಅವರಿಗೆ ಕಾಣುತ್ತದೆ. ಯೋಚಿಸಲು ಸಮಯ ಗಳಿಸುವುದಕ್ಕಾಗಿ ಹೀಗೆ ಮಾಡಿದನೆಂಬ ಸಂಶಯ. ಕವಾಬತ ತರುಣನನ್ನು ಖಳನಾಗಿಸುವುದಿಲ್ಲ. ಅದು ಅವರ ಕಲೆಯ ಔಚಿತ್ಯ. ನಿಯಮವನ್ನು ತಂದದ್ದು ನಂಬಿಕೆಯ ಜಾಗದಲ್ಲಿ. ನಂಬಿಕೆ ಇದ್ದಲ್ಲಿ ನಿಯಮ ಬೇಡ. ಇಲ್ಲದಲ್ಲಿ ಎಷ್ಟು ನಿಯಮವಿದ್ದರೂ ಸಾಲದು. ಇದನ್ನು ಓದುವಾಗ ನಾನು ಗೆಳೆಯರಿಗೆ ಕೇಳಿದ ಮಾತು ನೆನಪಾಗಿ ಪುಸ್ತಕ ಮಡಿಸಿಟ್ಟೆ.

ಅದೇ ಕಾದಂಬರಿಯಲ್ಲಿ ಇನ್ನೊಂದು ಚಿಕ್ಕ ಸನ್ನಿವೇಶವಿದೆ. ಕಥಕ ರೈಲಿನಲ್ಲಿ ಒಬ್ಬ ಅಮೆರಿಕನ್ನನೊಡನೆ ಗೋ ಆಡುತ್ತಾನೆ. ಆತ ಸೋಲುತ್ತಾನೆ, ಮತ್ತೆ ಆಡುತ್ತಾನೆ, ಮತ್ತೆ ಸೋಲುತ್ತಾನೆ. ಸೋತದ್ದಕ್ಕೆ ಒಂದಿಷ್ಟೂ ನೋವಿಲ್ಲ. ನೋವಿಲ್ಲದ ಈ ಆಟಗಾರನೊಡನೆ ಆಡುವುದು ಕಥಕನಿಗೆ ಒಂದು ಬಗೆಯ ಕಸಿವಿಸಿ. ಇದನ್ನು ಒಂದು ದೇಶದ ಗುಣವೆಂದು ಕಥಕ ಎಣಿಸುವುದು ನನಗೆ ಒಪ್ಪಿಗೆಯಾಗದು. ಫೋನಿನಲ್ಲಿ ಮೂರು ನಿಮಿಷದ ಆಟಗಳನ್ನು ಒಂದರ ಮೇಲೊಂದು ಆಡುವಾಗ ನಾವೆಲ್ಲರೂ ಆ ರೈಲಿನ ಪ್ರಯಾಣಿಕರೇ. ಸೋತರೆ ಗುಂಡಿ ಒತ್ತಿದರಾಯಿತು, ಇನ್ನೊಂದು ಆಟ, ಇನ್ನೊಬ್ಬ ಅಪರಿಚಿತ. ಸೋಲಿನ ಭಾರ ಹೋದರೆ ಗೆಲುವಿನ ತೂಕವೂ ಹೋಗುತ್ತದೆ.

ಮೂರನೆಯದು ಸ್ಟೆಫಾನ್ ಜ್ವೈಗ್ ತಮ್ಮ ಕೊನೆಯ ದಿನಗಳಲ್ಲಿ ಬರೆದ ‘ಚದುರಂಗದ ಕತೆ’; ಅವರು ಬ್ರೆಜಿಲಿನಲ್ಲಿ ಆತ್ಮಹತ್ಯೆ ಮಾಡಿಕೊಂಡ 1942ರಲ್ಲಿಯೇ ಪ್ರಕಟವಾಯಿತು. ನಾಜಿಗಳು ಹೋಟೆಲಿನ ಕೋಣೆಯೊಂದರಲ್ಲಿ ಒಂಟಿಯಾಗಿ ಕೂಡಿಹಾಕಿದ ವಿಯೆನ್ನಾದ ವಕೀಲ ಡಾಕ್ಟರ್ ಬಿ. ಒಂದು ಚದುರಂಗದ ಪುಸ್ತಕವನ್ನು ಕದಿಯುತ್ತಾನೆ. ಅದರಲ್ಲಿರುವ ನೂರೈವತ್ತು ಆಟಗಳು ಬಾಯಿಪಾಠವಾದ ಮೇಲೆ, ತನ್ನನ್ನೇ ಎರಡು ಮಾಡಿಕೊಂಡು ಬಿಳಿಯೂ ತಾನಾಗಿ ಕರಿಯೂ ತಾನಾಗಿ ಆಡತೊಡಗುತ್ತಾನೆ, ಬುದ್ಧಿ ಕದಡುತ್ತದೆ. ಮೊದಲು ಅವನನ್ನು ಉಳಿಸಿದ್ದೂ ಆಟವೇ, ಆಮೇಲೆ ಕೆಡಿಸಿದ್ದೂ ಆಟವೇ. ನಡುವಿನ ವ್ಯತ್ಯಾಸ ಇಷ್ಟೇ: ಪುಸ್ತಕದ ಆಟಗಳಲ್ಲಿ ಬೇರೆಯವರ ಮನಸ್ಸಿತ್ತು, ಆಮೇಲಿನ ಆಟಗಳಲ್ಲಿ ತನ್ನದೊಂದೇ. ಈ ಕತೆಯಲ್ಲಿ ಜಗತ್ತಿನ ಚಾಂಪಿಯನ್ ಆದ ಚೆಂಟೊವಿಚ್ ಸ್ವಲ್ಪ ಬೊಂಬೆಯಂತಾಗಿದ್ದಾನೆ, ನಿಜ. ಆದರೆ ಎದುರಾಳಿಯಿಲ್ಲದ ಆಟ ಹೇಗೆ ಮನುಷ್ಯನನ್ನು ತಿನ್ನುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಾಣಿಸಿದವರು ವಿರಳ.

ಮೂರನ್ನೂ ಒಟ್ಟಿಗೆ ಇಟ್ಟರೆ ಒಂದು ಕ್ರಮ ಹೊಳೆಯುತ್ತದೆ. ಪ್ರೇಮಚಂದರಲ್ಲಿ ಎದುರಾಳಿ ಇದ್ದಾನೆ, ಪರಿಚಯವಿಲ್ಲ. ಕವಾಬತ ಅವರಲ್ಲಿ ಗೌರವವಿದೆ, ನಂಬಿಕೆ ಸಡಿಲವಾಗಿದೆ. ಜ್ವೈಗರಲ್ಲಿ ಎದುರಾಳಿಯೇ ಇಲ್ಲ. ಫೋನಿನ ಆಟದಲ್ಲಿ ಈ ಮೂರು ಅಪಾಯಗಳೂ ಒಟ್ಟಿಗೆ ಬರುತ್ತವೆ. 1997ರಲ್ಲಿ ಡೀಪ್ ಬ್ಲೂ ಎಂಬ ಯಂತ್ರ ಕ್ಯಾಸ್ಪರೋವ್ ಅವರನ್ನು ಸೋಲಿಸಿದಾಗ ಅದು ಕೋಣೆ ತುಂಬುವಂಥ ಯಂತ್ರ; ಇಂದು ಅದಕ್ಕಿಂತ ಬಲವಾದದ್ದು ಅಂಗಿಯ ಜೇಬಿನಲ್ಲಿದೆ. ಕಾಣದ ಎದುರಾಳಿಯ ಮೇಲೆ ಸಂಶಯ ಹುಟ್ಟಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹಾಗೆಂದು ದೂರವೇ ದೋಷವೆನ್ನುವಂತಿಲ್ಲ. ಹಿಂದೆ ಅಂಚೆ ಕಾರ್ಡಿನಲ್ಲಿ ನಡೆ ಬರೆದು ಆಡುತ್ತಿದ್ದವರಿಗೂ ಎದುರಾಳಿ ಕಾಣುತ್ತಿರಲಿಲ್ಲ. ಆದರೆ ಕಾರ್ಡಿನಲ್ಲಿ ನಡೆಯ ಕೆಳಗೆ ಎರಡು ಸಾಲು ಕ್ಷೇಮ ಸಮಾಚಾರಕ್ಕೆ ಜಾಗ ಉಳಿಯುತ್ತಿತ್ತು. ನಾವಿಬ್ಬರು ಆ ಎರಡು ಸಾಲನ್ನು ಬಿಟ್ಟಿದ್ದೆವು.

ಅದು ತಿಳಿದದ್ದು ಗೆಳೆಯರ ಮಗ ಫೋನು ಮಾಡಿದಾಗ. ಆ ಕಾಯುವ ಕುದುರೆ ಯಂತ್ರದ್ದಲ್ಲ; ಒಂಬತ್ತು ವರ್ಷದ ಮೊಮ್ಮಗಳದ್ದು. ಶಾಲೆಯಲ್ಲಿ ಆಟ ಕಲಿತ ಹುಡುಗಿ ತಾತನ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಳಂತೆ. ಹೇಳಬೇಡಿ ಎಂದು ಆಣೆಯನ್ನೂ ಹಾಕಿಸಿಕೊಂಡಿದ್ದಳಂತೆ. ನಮ್ಮ ವರಾಂಡದಲ್ಲಿ ನನ್ನ ಸೋದರಮಾವ ಬೆನ್ನ ಹಿಂದೆ ನಿಂತು “ಆನೆ ನಡೆಸೋ” ಎಂದು ಎಷ್ಟು ಸಲ ಹೇಳಿಕೊಟ್ಟಿದ್ದರು! ಗೆಳೆಯರು ಅದನ್ನು ಮೋಸವೆಂದು ಒಂದು ದಿನವೂ ಅನ್ನಲಿಲ್ಲ. ಅಲ್ಲಿ ಮಾವ ಕಾಣುತ್ತಿದ್ದರು; ಇಲ್ಲಿ ಮೊಮ್ಮಗಳು ಕಾಣಲಿಲ್ಲ. ಅವರು ಹೇಳಬೇಕಾಗಿತ್ತು, ನಿಜ. ಆದರೆ ನಾನು ಅವರ ಮನೆಯಲ್ಲಿ ಯಾರು ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಕೇಳಿಯೇ ಎಷ್ಟೋ ತಿಂಗಳಾಗಿತ್ತು. ಮಿರ್ಜಾನಿಗೂ ನನಗೂ ಅಂತರ ಕತ್ತಿಯದು ಮಾತ್ರ.

ಈಗ ಭಾನುವಾರ ಬೆಳಗ್ಗೆ, ಅವರಿಗದು ಶನಿವಾರ ರಾತ್ರಿ, ನಾವು ಫೋನನ್ನು ಗೋಡೆಗೆ ಒರಗಿಸಿ ಮುಖ ಕಾಣುವಂತೆ ಇಟ್ಟುಕೊಳ್ಳುತ್ತೇವೆ. ಮರದ ಮಣೆ ಅಲ್ಲೊಂದು, ಇಲ್ಲೊಂದು. ಅವರು ನಡೆ ಹೇಳಿದರೆ ಅವರ ಕಾಯಿಯನ್ನು ನನ್ನ ಕೈಯಲ್ಲಿ ನಾನೇ ನಡೆಸುತ್ತೇನೆ. ನೋಡುವವರಿಗೆ ಜ್ವೈಗರ ವಕೀಲನಂತೆ ಎರಡೂ ಕಡೆ ನಾನೇ ಆಡುತ್ತಿರುವಂತೆ ಕಂಡೀತು. ಆದರೆ ಗಾಜಿನ ಆಚೆಯಿಂದ ಕೆಮ್ಮು ಕೇಳುತ್ತದೆ, ಕಾಫಿ ಲೋಟ ಕೆಳಗಿಟ್ಟ ಸದ್ದು ಕೇಳುತ್ತದೆ. ಅರ್ಧ ಆಟದಲ್ಲಿ ಆ ಹುಡುಗಿಯ ತಲೆ ತೂರಿಬಂದು “ತಾತಾ, ಬೇಡ” ಎನ್ನುತ್ತದೆ. ಹೋದ ವಾರ ಅವಳ ಮಾತು ಕೇಳದೆ ಗೆಳೆಯರು ನುಗ್ಗಿ ಬಂದರು, ಮಂತ್ರಿಯನ್ನು ಕಳೆದುಕೊಂಡರು. ನನಗೆ ಹಳೆಯ ಮನುಷ್ಯ ಮತ್ತೆ ಸಿಕ್ಕಂತಾಯಿತು.