ಜೀವಶಾಸ್ತ್ರದ ಬಿ.ಎಸ್ಸಿ.: ಹೊಸೂರಿನಲ್ಲಿ ಅದಕ್ಕೆಷ್ಟು ಬೆಲೆ?

ಪ್ಲಸ್ ಟೂ ಫಲಿತಾಂಶ ಬಂದ ವಾರ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು. ಮಗಳು ಜೀವಶಾಸ್ತ್ರ ಓದಿದ್ದಾಳೆ, ಅಂಕ ಚೆನ್ನಾಗಿಯೇ ಬಂದಿದೆ, ನೀಟ್ ಮಾತ್ರ ಕೈಹಿಡಿಯಲಿಲ್ಲ. ಮುಂದೇನು? ಬಿ.ಎಸ್ಸಿ.ಗೆ ಹಾಕಬೇಕೋ, ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಯಾವುದಾದರೂ ಕಂಪನಿಗೆ ಈಗಲೇ ಕಳಿಸಬೇಕೋ?

ಬೇರೆ ಎಷ್ಟೋ ಜಿಲ್ಲೆಗಳಲ್ಲಿ ಈ ಪ್ರಶ್ನೆ ಇಷ್ಟು ಹರಿತವಾಗಿ ಏಳುವುದಿಲ್ಲ. ಇಲ್ಲಿ ಏಳಲು ಕಾರಣ ಊರಿನ ಸುತ್ತಲೇ ಇದೆ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ 1980ರ ದಶಕದಿಂದಲೇ ಇಲ್ಲಿವೆ. 2021ರಿಂದೀಚೆಗೆ ಏಥರ್ ಹೊಸೂರಿಗೂ ಓಲಾ ಪೋಚಂಪಳ್ಳಿಗೂ ಬಂದವು. ಟಾಟಾ ಎಲೆಕ್ಟ್ರಾನಿಕ್ಸ್ ಸಾವಿರಾರು ಯುವತಿಯರನ್ನು ಕೆಲಸಕ್ಕೆ ಸೇರಿಸಿಕೊಂಡಿದೆ. ಪ್ಲಸ್ ಟೂ ಮುಗಿಸಿದ ಕೈಗೆ ಮರುತಿಂಗಳೇ ಸಂಬಳ ಸಿಗುವ ಊರಿದು. ಹಾಗಾಗಿ ಇಲ್ಲಿ ಪದವಿಯ ನಿಜವಾದ ಖರ್ಚೆಂದರೆ ಕಾಲೇಜಿನ ಶುಲ್ಕವಲ್ಲ, ಮೂರು ವರ್ಷ ಬಿಟ್ಟುಕೊಟ್ಟ ದುಡಿಮೆ.

ಲೆಕ್ಕ ಹಾಕಿಯೇ ನೋಡಬಹುದು. ಕಾರ್ಖಾನೆಯ ಸಂಬಳ ತಿಂಗಳಿಗೆ ₹15,000 ಎಂದು ಇಟ್ಟುಕೊಂಡರೆ ಮೂರು ವರ್ಷಕ್ಕೆ ₹5,40,000. ಹೊಸೂರು ಸೇರಿರುವ ಕೃಷ್ಣಗಿರಿ ಜಿಲ್ಲೆಯ ಸರ್ಕಾರಿ ಕಲಾ ಕಾಲೇಜುಗಳಲ್ಲಿ ಬೋಧನಾ ಶುಲ್ಕವಿಲ್ಲ. ಸರ್ಕಾರಿ ಶಾಲೆಯಲ್ಲಿ ಓದಿ ಬಂದ ಹುಡುಗಿಗೆ 2022ರಲ್ಲಿ ಶುರುವಾದ ಪುದುಮೈ ಪೆಣ್ ಯೋಜನೆಯಿಂದ ತಿಂಗಳಿಗೆ ₹1,000 ಸಿಗುತ್ತದೆ. ಹುಡುಗರಿಗೆ ಅಷ್ಟೇ ಹಣ ಕೊಡುವ ತಮಿಳ್ ಪುದಲ್ವನ್ 2024ರಲ್ಲಿ ಬಂತು. ಮೂರು ವರ್ಷಕ್ಕೆ ಒಟ್ಟಾಗುವ ಆ ₹36,000 ಕಳೆದರೆ ಉಳಿಯುವ ನಷ್ಟ ₹5,04,000. ಪದವಿ ಮುಗಿಸಿ ಸೇರುವ ಕೆಲಸ ತಿಂಗಳಿಗೆ ₹5,000 ಹೆಚ್ಚು ಕೊಟ್ಟರೆ, ಈ ಹಣ ತಿರುಗಿ ಬರಲು ನೂರು ತಿಂಗಳಿಗಿಂತ ತುಸು ಹೆಚ್ಚೇ ಬೇಕು. ಅಂದರೆ ಎಂಟು ವರ್ಷಕ್ಕೂ ಮಿಕ್ಕಿ. ಖಾಸಗಿ ಕಾಲೇಜಿಗೆ ವರ್ಷಕ್ಕೆ ₹50,000 ಕಟ್ಟುವುದಾದರೆ ಇನ್ನೂ ಮೂವತ್ತು ತಿಂಗಳು ಸೇರಿಸಿಕೊಳ್ಳಬೇಕು. ಹೆಚ್ಚುವರಿ ₹5,000 ಸಿಗದೇ ಹೋದರೆ ಲೆಕ್ಕ ಕೂಡುವುದೇ ಇಲ್ಲ.

ಆ ₹5,000 ಸಿಗುತ್ತದೆಯೇ? ವಿಜ್ಞಾನ ಪದವಿಗಳಿಗೆ ಕೇಂದ್ರ ಸರ್ಕಾರವೇ ಕಟ್ಟಿರುವ ಬೆಲೆ ನೋಡಿದರೆ ಒಂದು ಅಂದಾಜು ಬರುತ್ತದೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2020ರಲ್ಲಿ ಸಂಶೋಧನಾ ಯೋಜನೆಗಳಿಗೆ ಗೊತ್ತುಮಾಡಿದ ದರದಂತೆ ಬಿ.ಎಸ್ಸಿ. ಆದ ಪ್ರಾಜೆಕ್ಟ್ ಅಸಿಸ್ಟೆಂಟ್‌ಗೆ ತಿಂಗಳಿಗೆ ₹20,000. ಎಂ.ಎಸ್ಸಿ. ಆದ ಪ್ರಾಜೆಕ್ಟ್ ಅಸೋಸಿಯೇಟ್‌ಗೆ ₹25,000. ಅದೇ ಎಂ.ಎಸ್ಸಿ. ಜೊತೆಗೆ ನೆಟ್ ಅಥವಾ ಗೇಟ್ ಪಾಸಾಗಿದ್ದರೆ ₹31,000. ಜೂನಿಯರ್ ರಿಸರ್ಚ್ ಫೆಲೋಶಿಪ್ ಗಳಿಸಿದವರಿಗೆ 2023ರಿಂದ ₹37,000. ಎರಡು ವರ್ಷ ಹೆಚ್ಚು ಓದಿ ಪಡೆದ ಎಂ.ಎಸ್ಸಿ. ತರುವುದು ₹5,000; ಒಂದು ಸ್ಪರ್ಧಾತ್ಮಕ ಪರೀಕ್ಷೆ ಅದಕ್ಕಿಂತ ಹೆಚ್ಚು ತರುತ್ತದೆ. ಕೈಗಾರಿಕೆಗೆ ಅಪ್ರೆಂಟಿಸ್ ಆಗಿ ಹೋಗುವ ಪದವೀಧರರಿಗೆ 2019ರ ನಿಯಮ ಇಟ್ಟ ಕನಿಷ್ಠ ಭತ್ಯೆಯಂತೂ ತಿಂಗಳಿಗೆ ಬರೀ ₹9,000.

ಇದು ಹೊಸೂರಿನ ಸಮಸ್ಯೆ ಮಾತ್ರವಲ್ಲ. ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಅಂಕಿಗಳ ಪ್ರಕಾರ ಅಮೆರಿಕದ ಜೀವಶಾಸ್ತ್ರ ಪದವೀಧರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮತ್ತೊಂದು ಉನ್ನತ ಪದವಿ ಪಡೆದಿದ್ದಾರೆ. ಮೊದಲ ಪದವಿಯಲ್ಲೇ ನಿಂತು ದುಡಿಯುವ ವಿಷಯವಾಗಿ ಜೀವಶಾಸ್ತ್ರ ಎಲ್ಲಿಯೂ ಗಟ್ಟಿಯಾಗಿ ನೆಲೆಯೂರಿಲ್ಲ.

ಆದರೆ ಎಲ್ಲ ಜೀವಶಾಸ್ತ್ರ ಪದವಿಗಳನ್ನೂ ಒಂದೇ ಗಂಟು ಕಟ್ಟುವಂತಿಲ್ಲ. ಪ್ರಮಾಣಪತ್ರದಲ್ಲಿ ಅಚ್ಚಾಗುವ ವಿಷಯದ ಹೆಸರು ಕೆಲವು ಬಾಗಿಲು ತೆರೆಯುತ್ತದೆ, ಕೆಲವನ್ನು ಮುಚ್ಚುತ್ತದೆ. ಇದನ್ನು ಪ್ರವೇಶದ ಹೊತ್ತಿಗೇ ಬಿಡಿಸಿ ಹೇಳುವವರು ಇಲ್ಲದಿರುವುದೇ ದೊಡ್ಡ ಕೊರತೆ. ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಗೆ 2011ರ ನಿಯಮಗಳು ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನದ ಪದವಿಗಳನ್ನು ಹೆಸರಿಸಿ ಒಪ್ಪುತ್ತವೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಹೆಸರು ಅಲ್ಲಿಲ್ಲ. ಭಾರತೀಯ ಅರಣ್ಯ ಸೇವೆಯ ಪಟ್ಟಿ ಇದಕ್ಕೆ ತಿರುವುಮುರುವು: ಸಸ್ಯಶಾಸ್ತ್ರವೂ ಪ್ರಾಣಿಶಾಸ್ತ್ರವೂ ಇವೆ, ಸೂಕ್ಷ್ಮಜೀವಿಶಾಸ್ತ್ರ ಇಲ್ಲ. ಔಷಧ ನಿಯಮಗಳು ಮಾತ್ರೆ ತಯಾರಿಕೆಯ ಮೇಲ್ವಿಚಾರಣೆಗೆ ಫಾರ್ಮಸಿ ಪದವೀಧರರ ಜೊತೆಗೆ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿದ ಅನುಭವಿ ಬಿ.ಎಸ್ಸಿ.ಗಳನ್ನು ಒಪ್ಪುತ್ತವೆ, ಪ್ರಾಣಿಶಾಸ್ತ್ರದ ಜೊತೆ ಪೂರಕವಾಗಿ ಓದಿದ ರಸಾಯನಶಾಸ್ತ್ರ ಆ ಮಟ್ಟಕ್ಕೆ ಏರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಬೇಕಾದದ್ದು ವೈದ್ಯಕೀಯ ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ. 2022ರ ಜನವರಿಯಲ್ಲಿ ಉದ್ಘಾಟನೆಯಾದ ಕೃಷ್ಣಗಿರಿ ಸರ್ಕಾರಿ ವೈದ್ಯಕೀಯ ಕಾಲೇಜು ಜಿಲ್ಲೆಗೆ ಹೊಸ ಆಸ್ಪತ್ರೆ ತಂದಿದೆ ನಿಜ. ಆದರೆ ಮೂರು ವರ್ಷ ಜೀವಕೋಶ, ಅಂಗಾಂಶ ಓದಿದ ಪದವೀಧರೆಗೆ ಅಲ್ಲಿಯ ರಕ್ತಪರೀಕ್ಷೆಯ ಮೇಜಿಗೆ ಆ ಪದವಿಯೊಂದರ ಬಲದಿಂದ ದಾರಿಯಿಲ್ಲ.

ಮನಸ್ಸಿಗೆ ಹೆಚ್ಚು ಚುಚ್ಚುವ ಸಂಗತಿ ಬೇರೆಯೇ ಇದೆ. ಜೀವಶಾಸ್ತ್ರವೇ ಹೊಟ್ಟೆ ಹೊರೆಯುವ ಸೀಮೆ ಇದು. ಹೊಸೂರಿನ ಬಳಿಯ ಮತ್ತಿಗಿರಿಯ ಜಾನುವಾರು ಫಾರಂ 1824ರದು, ಈಸ್ಟ್ ಇಂಡಿಯಾ ಕಂಪನಿಯ ಕಾಲದ್ದು. ಅಲ್ಲಿಯೇ 2011ರಿಂದ ಕೋಳಿ ಸಾಕಣೆ ತಂತ್ರಜ್ಞಾನದ ಬಿ.ಟೆಕ್. ಕಾಲೇಜಿದೆ. ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಪನ್ಮೂಲ ಕೇಂದ್ರ ಹೊಸೂರಿನಲ್ಲೇ ಇದ್ದು, ಸಾವಿರಕ್ಕೂ ಹೆಚ್ಚು ಬಗೆಯ ಹಿಪ್ಪುನೇರಳೆಯನ್ನೂ ನೂರಾರು ರೇಷ್ಮೆಹುಳು ತಳಿಗಳನ್ನೂ ಕಾಪಾಡುತ್ತಿದೆ. ತಮಿಳುನಾಡಿನ ರೇಷ್ಮೆ ತರಬೇತಿ ಸಂಸ್ಥೆಯೂ ಇದೇ ಊರಿನಲ್ಲಿದೆ. ಕಾವೇರಿಪಟ್ಟಣದ ಬಳಿಯ ಪೈಯೂರು ಸಂಶೋಧನಾ ಕೇಂದ್ರ ರಾಗಿ, ಹುರುಳಿ ತಳಿಗಳನ್ನು ಕೊಟ್ಟಿದೆ. ತಳಿ ಊರಿನಲ್ಲಿ ಇಸ್ರೇಲ್ ಸಹಯೋಗದ ಹೂಕೃಷಿ ಕೇಂದ್ರವಿದೆ. ಅಮುದಗೊಂಡಪಳ್ಳಿಯ ಟ್ಯಾನ್‌ಫ್ಲೋರಾ ಹಸಿರುಮನೆಗಳ ಗುಲಾಬಿ ಫೆಬ್ರವರಿಯಲ್ಲಿ ಹೊರದೇಶಗಳಿಗೆ ಹೋಗುತ್ತದೆ. ಕೃಷ್ಣಗಿರಿಯ ತೋತಾಪುರಿ ತಿರುಳಿನ ಘಟಕಗಳಿಗೆ ಪ್ರತಿ ಸೀಸನ್‌ನಲ್ಲೂ ಸೂಕ್ಷ್ಮಜೀವಿ ಪರೀಕ್ಷೆ ಆಗಲೇಬೇಕು. ಹೊಸೂರು ಸಿಪ್‌ಕಾಟ್‌ನಲ್ಲಿ ಘಟಕ ಹೊಂದಿರುವ ಮೈಕ್ರೋ ಲ್ಯಾಬ್ಸ್ ಇಡೀ ದೇಶ ನುಂಗಿದ ಡೋಲೋ ಮಾತ್ರೆಯ ಕಂಪನಿ.

ಇಷ್ಟೆಲ್ಲ ಇರುವ ಜಿಲ್ಲೆಯಲ್ಲಿ ಬಿ.ಎಸ್ಸಿ. ವಿದ್ಯಾರ್ಥಿನಿಗೆ ಇವುಗಳ ಪರಿಚಯ ಒಂದು ದಿನದ ಪ್ರವಾಸಕ್ಕೆ ಮುಗಿದುಹೋದರೆ ಆ ಪದವಿಗೆ ಬೆಲೆ ಎಲ್ಲಿಂದ ಬರಬೇಕು? ರೇಷ್ಮೆಯ ಬಗ್ಗೆ ಒಂದು ಪತ್ರಿಕೆ ಬರೆದು ಪಾಸಾಗುವುದು ಬೇರೆ. ಚಾಕಿ ಎಂಬ ಮರಿಹುಳು ಸಾಕಣೆಯಿಂದ ಹಿಡಿದು ಒಂದು ಬೆಳೆ ಪೂರ್ತಿ ನೋಡಿಕೊಂಡು, ಹುಳುವಿನ ರೋಗವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿ, ಗೂಡು ಬಿಡಿಸುವವರೆಗೆ ನಿಲ್ಲುವುದು ಬೇರೆ. ಸಂಬಳ ಬರುವುದು ಎರಡನೆಯದಕ್ಕೆ.

ಅತ್ತಿಬೆಲೆ ದಾಟಿದರೆ ಸಿಗುವ ಬೊಮ್ಮಸಂದ್ರ, ಜಿಗಣಿಯ ಔಷಧ ಮತ್ತು ಜೈವಿಕ ತಂತ್ರಜ್ಞಾನ ಕಂಪನಿಗಳು ಕೆಲಸದ ಅನುಭವದ ಈ ಕೊರತೆಯನ್ನು ಬಹಳ ಹಿಂದೆಯೇ ಕಂಡುಕೊಂಡವು. 1978ರಲ್ಲಿ ಹುಟ್ಟಿದ ಬಯೋಕಾನ್ 2013ರಲ್ಲಿ ಅಮೆರಿಕದ ಕೆಕ್ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್ ಜೊತೆ ಸೇರಿ ಪದವೀಧರರಿಗೆಂದೇ ತರಬೇತಿ ಅಕಾಡೆಮಿ ತೆರೆಯಿತು. ಕರ್ನಾಟಕ ಸರ್ಕಾರ ಜೈವಿಕ ತಂತ್ರಜ್ಞಾನ ಫಿನಿಶಿಂಗ್ ಸ್ಕೂಲುಗಳನ್ನು ನಡೆಸಿತು. ಎಲೆಕ್ಟ್ರಾನಿಕ್ ಸಿಟಿಯ ಐಬಿಎಬಿ ಎಂಬ ಜೈವಿಕ ತಂತ್ರಜ್ಞಾನ ಸಂಸ್ಥೆ 2001ರಿಂದಲೂ ಪದವಿಗೂ ಉದ್ಯಮಕ್ಕೂ ನಡುವಿನ ಕಂದಕವನ್ನು ತುಂಬಲು ದುಡಿಯುತ್ತಿದೆ. ಡಿಗ್ರಿ ಮುಗಿಸಿದವರನ್ನು ಕೆಲಸಕ್ಕೆ ತಕ್ಕವರನ್ನಾಗಿಸಲು ಮತ್ತೊಂದು ಶಾಲೆ ಬೇಕಾಯಿತು ಎಂದರೆ, ಆ ಡಿಗ್ರಿಯ ಬಗ್ಗೆ ಉದ್ಯಮದ ತೀರ್ಪು ಅಲ್ಲಿಯೇ ಬಂದಾಯಿತು. ಆ ಎರಡನೆಯ ಶಾಲೆಯ ಕಾಲ ಮತ್ತು ಖರ್ಚು ಮತ್ತೆ ಅದೇ ಮನೆಯ ಲೆಕ್ಕಕ್ಕೆ ಬೀಳುತ್ತವೆ.

ಪದವಿಯ ಪರವಾಗಿ ನಿಲ್ಲುವ ಗಟ್ಟಿ ವಾದಗಳೂ ಇವೆ. ಕಾರ್ಖಾನೆಯ ಸಾಲಿನಲ್ಲಿ ಹದಿನೆಂಟರ ಕಣ್ಣು, ಬೆರಳುಗಳಿಗಿರುವ ಬೇಡಿಕೆ ಮೂವತ್ತೈದಕ್ಕೆ ಇರುತ್ತದೆಂಬ ಭರವಸೆ ಇಲ್ಲ. ಪದವಿ ಇದ್ದವಳು ಬ್ಯಾಂಕ್ ಪರೀಕ್ಷೆಗೂ ತಮಿಳುನಾಡು ಲೋಕಸೇವಾ ಆಯೋಗದ ಗ್ರೂಪ್ 2 ಪರೀಕ್ಷೆಗೂ ಕೂರಬಹುದು. ಈ ಲಾಭ ಬಿ.ಕಾಂ.ನಿಂದಲೂ ಬರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಜೀವಶಾಸ್ತ್ರಕ್ಕೇ ಸಲ್ಲುವ ಲಾಭ ಶಿಕ್ಷಕ ವೃತ್ತಿಯಲ್ಲಿದೆ. ಎರಡು ವರ್ಷದ ಬಿ.ಎಡ್., ಆಮೇಲೆ ಟಿಇಟಿ, ನೇಮಕಾತಿ ಎಲ್ಲ ಗೆದ್ದರೆ ಪ್ರೌಢಶಾಲಾ ಶಿಕ್ಷಕಿಯ ಮೂಲವೇತನ ₹36,400ರಿಂದ ಶುರುವಾಗುತ್ತದೆ. ಗಡಿಯ ಕನ್ನಡ ಮಕ್ಕಳ ಪಾಲಿಗೆ ಇದರ ಅರ್ಥ ಸಂಬಳಕ್ಕಿಂತ ದೊಡ್ಡದು. ತಮಿಳು ಕಲಿಕೆಯನ್ನು ಕಡ್ಡಾಯ ಮಾಡಿದ 2006ರ ಕಾಯ್ದೆಯ ನಂತರವೂ ಉಳಿದಿರುವ ಈ ಭಾಗದ ಕನ್ನಡ ಮಾಧ್ಯಮ ತರಗತಿಗಳಲ್ಲಿ ದ್ಯುತಿಸಂಶ್ಲೇಷಣೆಯನ್ನು ಕನ್ನಡದಲ್ಲೇ ಬಿಡಿಸಿ ಹೇಳಬಲ್ಲ ಶಿಕ್ಷಕಿ ಬೇಕೇ ಬೇಕು. ಆದರೆ ಪ್ಲಸ್ ಟೂನಿಂದ ಅಲ್ಲಿಗೆ ತಲುಪಲು ಕಡಿಮೆಯೆಂದರೂ ಐದು ವರ್ಷ, ಮೇಲೆ ಪೈಪೋಟಿ. ಅಷ್ಟು ಕಾಯಬಲ್ಲ ಮನೆ ಯಾವುದು ಎಂಬುದೂ ಹಣದ ಪ್ರಶ್ನೆಯೇ.

ಇವೆಲ್ಲವನ್ನೂ ತೂಗಿದರೆ ತೀರ್ಮಾನ ಹೀಗೆ. ಸರ್ಕಾರಿ ಕಾಲೇಜಿನಲ್ಲಿ, ಮುಂದಿನ ಹೆಜ್ಜೆ ಯಾವುದೆಂದು ಮೊದಲೇ ಗೊತ್ತುಮಾಡಿಕೊಂಡು ಸೇರುವ ಹುಡುಗಿಗೆ ಜೀವಶಾಸ್ತ್ರದ ಬಿ.ಎಸ್ಸಿ. ನಷ್ಟದ ವ್ಯಾಪಾರವಲ್ಲ. ಅರಣ್ಯ ಸೇವೆಯ ಕನಸಿದ್ದರೆ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ, ಔಷಧ ಮತ್ತು ಆಹಾರ ಕಂಪನಿಗಳ ಗುಣಮಟ್ಟ ವಿಭಾಗ ಬೇಕಿದ್ದರೆ ಸೂಕ್ಷ್ಮಜೀವಿಶಾಸ್ತ್ರ, ಆಸ್ಪತ್ರೆ ಬೇಕಿದ್ದರೆ ನೇರವಾಗಿ ನರ್ಸಿಂಗ್ ಅಥವಾ ಲ್ಯಾಬ್ ಡಿಪ್ಲೊಮಾ. ನೀಟ್ ತಪ್ಪಿತೆಂಬ ಬೇಸರಕ್ಕೆ, ಸಾಲ ತೆಗೆದು, ಖಾಸಗಿ ಕಾಲೇಜಿನಲ್ಲಿ ಸಿಕ್ಕ ವಿಷಯಕ್ಕೆ ಸೇರುವುದು ಹಣದ ದೃಷ್ಟಿಯಿಂದ ತಪ್ಪು ನಿರ್ಧಾರ.

ಈ ಹೊರೆಯನ್ನು ಪೂರ್ತಿ ಹದಿನೇಳರ ಹುಡುಗಿಯ ಹೆಗಲಿಗೆ ಹಾಕುವುದು ನ್ಯಾಯವಲ್ಲ. ಹಿಂದಿನ ಮೂರು ತಂಡಗಳಲ್ಲಿ ಎಷ್ಟು ಮಂದಿ ಯಾವ ಕೆಲಸಕ್ಕೆ, ಎಷ್ಟು ಸಂಬಳಕ್ಕೆ ಸೇರಿದರು ಎಂಬುದನ್ನು ಪ್ರತಿ ಕಾಲೇಜೂ ವಿಭಾಗವಾರು ಪ್ರವೇಶ ಅರ್ಜಿಯ ಜೊತೆಗೇ ಮುದ್ರಿಸಿ ಕೊಡಬೇಕು. ಜಿಲ್ಲೆಯ ಸರ್ಕಾರಿ ಕಾಲೇಜುಗಳು ಸೇರಿರುವ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯ ಕೊನೆಯ ಸೆಮಿಸ್ಟರನ್ನು ಹೊಸೂರಿನ ರೇಷ್ಮೆ ಕೇಂದ್ರದಲ್ಲೋ, ಪೈಯೂರಿನಲ್ಲೋ, ಮಾವಿನ ತಿರುಳಿನ ಘಟಕದ ಪ್ರಯೋಗಾಲಯದಲ್ಲೋ ಕಳೆಯಲು ಬಿಟ್ಟು, ಅದಕ್ಕೆ ಅಂಕ ಕೊಡಬಹುದು. ಸಂಸ್ಥೆಗಳು ಈಗಾಗಲೇ ಜಿಲ್ಲೆಯೊಳಗಿವೆ, ಬಸ್ಸಿನ ದಾರಿಯಲ್ಲೇ ಇವೆ. ಹೊಸ ಕಟ್ಟಡವೂ ಬೇಡ, ಹೊಸ ಕೋರ್ಸೂ ಬೇಡ. ಬೇಕಾಗಿರುವುದು ಒಂದು ಒಪ್ಪಂದ ಮತ್ತು ಅದನ್ನು ಮುಂದಿನ ಪ್ರವೇಶದೊಳಗೆ ಜಾರಿಗೆ ತರುವ ಪ್ರಾಂಶುಪಾಲರು.